ತೈಲಕ್ಷೇತ್ರದ ಸರಬರಾಜು ಬೋಟಿನಲ್ಲಿ ಮೊದಲ ಖಲಾಸಿ ಕೆಲಸ

ಮುಂಬಯಿಯಿಂದ ಸುಮಾರು 160 ಕಿಲೋಮೀಟರ್ ದೂರದ ಅರಬ್ಬಿ ಸಮುದ್ರದಲ್ಲಿ ಬಾಂಬೆ ಹೈ ಎಂಬ ತೈಲಕ್ಷೇತ್ರವಿದೆ. 1974ರಲ್ಲಿ ‘ಸಾಗರ್ ಸಮ್ರಾಟ್’ ಎಂಬ, ಬಾವಿ ಕೊರೆಯುವ ರಿಗ್ಗು ಅಲ್ಲಿ ತೈಲವನ್ನು ಪತ್ತೆಹಚ್ಚಿತು, 1976ರಲ್ಲಿ ಉತ್ಪಾದನೆ ಶುರುವಾಯಿತು, ಅಂದಿನಿಂದ ಅಲ್ಲಿನ ಉಕ್ಕಿನ ಅಟ್ಟಣೆಗಳ ಮೇಲೆ ಹಗಲು ರಾತ್ರಿ ಎನ್ನದೆ ಜನ ದುಡಿಯುತ್ತಿದ್ದಾರೆ. ಅವರು ಹೆಲಿಕಾಪ್ಟರಿನಲ್ಲಿ ಹೋಗಿ ಬರಬಹುದು. ಆದರೆ ಅವರಿಗೆ ಬೇಕಾದ ಅಕ್ಕಿ, ಬೇಳೆ, ಕುಡಿಯುವ ನೀರು, ಡೀಸೆಲ್, ಬಾವಿ ಕೊರೆಯಲು ಬೇಕಾದ ಸಿಮೆಂಟು, ಬ್ಯಾರೈಟ್ ಪುಡಿ ಮತ್ತು ಉದ್ದುದ್ದ ಕೊಳವೆಗಳು ಹೆಲಿಕಾಪ್ಟರಿನಲ್ಲಿ ಹಿಡಿಸುವಂಥವಲ್ಲ. ಅವನ್ನೆಲ್ಲ ಮುಂಬಯಿ ಬಳಿಯ ನ್ಹಾವಾದಂಥ ಸರಬರಾಜು ನೆಲೆಗಳಿಂದ ಹೊತ್ತೊಯ್ಯುವ ಬೋಟುಗಳೇ ಆಫ್‌ಶೋರ್ ಸಪ್ಲೈ ವೆಸೆಲ್‌ಗಳು. ಪೂರ್ವ ಕರಾವಳಿಯಲ್ಲಿ ಕಾಕಿನಾಡದ ಎದುರಿನ ಕೃಷ್ಣಾ–ಗೋದಾವರಿ ಅನಿಲಕ್ಷೇತ್ರಗಳಿಗೂ ಇಂಥವೇ ಬೋಟುಗಳು ಓಡಾಡುತ್ತವೆ. ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಕರಾವಳಿಯ ಎಷ್ಟೋ ಯುವಕರು ‘ಹಡಗಿಗೆ ಹೋಗಬೇಕು’ ಎಂದು ಹೊರಟಾಗ ಮೊದಲು ಬಡಿಯುವ ಬಾಗಿಲುಗಳಲ್ಲಿ ಇದೂ ಒಂದು. ಆ ಬಾಗಿಲು ತೆರೆಯುವ ಬಗೆ ಏನು, ಯಾವಾಗ ತೆರೆಯುತ್ತದೆ, ಅದರ ಮುಂದೆ ನಿಂತು ದುಡ್ಡು ಕೇಳುವವರು ಯಾರು ಎಂಬುದನ್ನು ಮನೆಯವರೂ ತಿಳಿದಿರುವುದು ಒಳ್ಳೆಯದು, ಏಕೆಂದರೆ ಬಹುತೇಕ ಸಂದರ್ಭಗಳಲ್ಲಿ ಹಣ ಹೊಂದಿಸುವವರು ಅವರೇ.

ಸರಬರಾಜು ಬೋಟಿನ ಆಕಾರವನ್ನು ಲಾರಿಗೆ ಹೋಲಿಸಬಹುದು. ಕ್ಯಾಬಿನ್, ಅಡುಗೆಮನೆ, ಬೋಟನ್ನು ನಡೆಸುವ ಕೋಣೆಯಾದ ಬ್ರಿಡ್ಜ್ ಎಲ್ಲವೂ ಮುಂಭಾಗದಲ್ಲಿ. ಹಿಂದೆ ಉದ್ದಕ್ಕೂ ಬಯಲು ಡೆಕ್ಕು. ಕಣ್ಣಿಗೆ ಕಾಣುವ ಸರಕು ಡೆಕ್ಕಿನ ಮೇಲಿದ್ದರೆ, ಕಾಣದ ಸರಕು ಅದರ ಕೆಳಗಿನ ಟ್ಯಾಂಕುಗಳಲ್ಲಿರುತ್ತದೆ: ನೀರು, ಡೀಸೆಲ್, ಬಾವಿಯೊಳಗೆ ಹರಿಸುವ ಗಂಜಿಯಂಥ ‘ಮಡ್’, ಒತ್ತಡದ ಗಾಳಿಯಿಂದ ಕೊಳವೆಯ ಮೂಲಕ ಮೇಲಕ್ಕೆ ಊದಿ ಕಳಿಸುವ ಸಿಮೆಂಟು. ಇದೇ ಜಾತಿಗೆ ಸೇರಿದ, ಆದರೆ ಇನ್ನೂ ಬಲವಾದ ಎಂಜಿನ್ ಮತ್ತು ಹಗ್ಗ ಸುತ್ತಿ ಎಳೆಯುವ ದೊಡ್ಡ ವಿಂಚ್ ಇರುವ ಆಂಕರ್ ಹ್ಯಾಂಡ್ಲಿಂಗ್ ಬೋಟುಗಳು ರಿಗ್ಗುಗಳನ್ನು ಎಳೆದೊಯ್ದು ಅವುಗಳ ಲಂಗರುಗಳನ್ನು ಹಾಕಿ ಎತ್ತುತ್ತವೆ. ಎರಡರಲ್ಲೂ ಸಿಬ್ಬಂದಿ ಕಡಿಮೆ. ಹನ್ನೆರಡರಿಂದ ಹದಿನೈದು ಜನರಿರುವ ಬೋಟುಗಳು ಸಾಮಾನ್ಯ. ಡೆಕ್ಕಿನ ಕೆಲಸಕ್ಕೆ ಒಬ್ಬ ಬೋಸನ್, ಅಂದರೆ ಹಳೆಯ ನಾವಿಕರ ಮಾತಿನಲ್ಲಿ ಸಾರಂಗ್, ಅವನ ಕೈಕೆಳಗೆ ಎರಡು ಮೂರು ಏಬಿಗಳು, ಅಂದರೆ ನುರಿತ ಖಲಾಸಿಗಳು, ಮತ್ತು ಹೆಚ್ಚೆಂದರೆ ಒಬ್ಬಿಬ್ಬರು ಓಎಸ್, ಅಂದರೆ ಸಾಧಾರಣ ಖಲಾಸಿಗಳು ಇರುತ್ತಾರೆ. ಹೊಸಬನಿಗೆ ಸಿಗಬಹುದಾದ ಜಾಗ ಈ ಕೊನೆಯದು ಮಾತ್ರ. ಮೊದಲ ಕೆಲಸ ಯಾಕೆ ಕಷ್ಟ ಎಂಬುದರ ಅರ್ಧ ಉತ್ತರ ಈ ಎಣಿಕೆಯಲ್ಲಿಯೇ ಇದೆ.

ಉಳಿದರ್ಧ ಉತ್ತರಕ್ಕೆ ಆ ಡೆಕ್ಕಿನ ಮೇಲೆ ನಿಂತು ನೋಡಬೇಕು. ಯಾವುದೇ ಅಟ್ಟಣೆಯ ಸುತ್ತ 500 ಮೀಟರ್ ಸುರಕ್ಷಾ ವಲಯವಿರುತ್ತದೆ. ಅನುಮತಿ ಪಡೆದು, ಎಂಜಿನ್ನು ಚುಕ್ಕಾಣಿಗಳನ್ನು ಪರೀಕ್ಷಿಸಿಕೊಂಡೇ ಬೋಟು ಅದರೊಳಗೆ ಹೋಗುತ್ತದೆ. ಅಟ್ಟಣೆಯ ಕ್ರೇನಿಗೆ ಎಟಕುವಷ್ಟು ಹತ್ತಿರಕ್ಕೆ ಬಂದ ಬೋಟು ಲಂಗರು ಹಾಕದೆ, ಹಗ್ಗ ಕಟ್ಟದೆ, ಬದಿಗೂ ತಳ್ಳಬಲ್ಲ ಪ್ರೊಪೆಲ್ಲರುಗಳಾದ ಥ್ರಸ್ಟರುಗಳ ಬಲದಿಂದಲೇ ಒಂದೇ ಕಡೆ ನಿಲ್ಲುತ್ತದೆ. ಮೇಲಿನಿಂದ ಕ್ರೇನಿನ ಕೊಕ್ಕೆ ಇಳಿಯುತ್ತದೆ. ಬೋಟು ಅಲೆಯ ಮೇಲೆ ಏರಿಳಿಯುತ್ತಿರುವುದರಿಂದ ಆ ಕೊಕ್ಕೆ ಒಂದು ಗಳಿಗೆ ಎದೆಯ ಮಟ್ಟಕ್ಕಿದ್ದರೆ ಮರುಗಳಿಗೆ ತಲೆಯ ಮೇಲಿರುತ್ತದೆ. ಇಬ್ಬರು ಖಲಾಸಿಗಳು ಸರಕಿನ ಸ್ಲಿಂಗನ್ನು, ಅಂದರೆ ಎತ್ತುವ ಹಗ್ಗವನ್ನು, ಕೊಕ್ಕೆಗೆ ಸಿಕ್ಕಿಸಿ, ಹಿಂದೆ ಸರಿದು, ಓಡಿಹೋಗಲು ದಾರಿ ಇರುವ ಕಡೆ ನಿಂತು, ಆಮೇಲಷ್ಟೇ ಎತ್ತಲು ಸನ್ನೆ ಮಾಡುತ್ತಾರೆ. ಎರಡು ಕಂಟೇನರುಗಳ ನಡುವಿನ ಸಂದಿಯಲ್ಲಿ ನಿಲ್ಲಬಾರದು, ತೂಗುತ್ತಿರುವ ಹೊರೆಯ ಕೆಳಗೆ ಹೋಗಬಾರದು, ಹೊರೆ ತಿರುಗದಂತೆ ಹಿಡಿಯುವ ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಹೇಳಿದರೆ ಮೂರೇ ಮಾತು. ಆದರೆ ಬೆಳಗಿನ ಜಾವ ಮೂರು ಗಂಟೆಗೆ, ಹಿಂಭಾಗದಿಂದ ನುಗ್ಗಿದ ನೀರು ಮೊಣಕಾಲಿಗೆ ಬಡಿಯುತ್ತಿರುವಾಗ, ಅದು ನೆನಪಿನಿಂದಲ್ಲ, ಮೈಯ ಅಭ್ಯಾಸದಿಂದ ಬರಬೇಕು. ಅಷ್ಟು ಕಡಿಮೆ ಜನರಿರುವ ಬೋಟಿನಲ್ಲಿ ಹೊಸಬನನ್ನು ಕಾಯುತ್ತ ನಿಲ್ಲಲು ಬಿಡುವಾಗಿರುವ ಇನ್ನೊಬ್ಬನಿರುವುದಿಲ್ಲ.

ಟ್ಯಾಂಕು ತೊಳೆಯುವುದೂ ಖಲಾಸಿಯ ಪಾಲಿಗೇ ಬರುತ್ತದೆ. ಮಡ್ ಖಾಲಿಯಾದ ಮೇಲೆ ತಳದಲ್ಲಿ ಗಟ್ಟಿಯಾಗಿ ಕೂತ ಗಸಿಯನ್ನು ಒಳಗಿಳಿದು ಕೆರೆದು ತೆಗೆಯಬೇಕು. ಮುಚ್ಚಿದ ಟ್ಯಾಂಕಿನಲ್ಲಿ ಆಮ್ಲಜನಕ ಕಡಿಮೆಯಿರಬಹುದು, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರಬಹುದು. ಆ ಅನಿಲ ಹೆಚ್ಚಾದಾಗ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸಿಬಿಡುತ್ತದೆ ಎಂಬುದು ಅದರ ಕ್ರೂರ ಗುಣ. ಹಾಗಾಗಿ ಗಾಳಿ ಅಳೆದು, ಬರವಣಿಗೆಯಲ್ಲಿ ಪರವಾನಗಿ ಪಡೆದು, ಟ್ಯಾಂಕಿನ ಬಾಯಿಯ ಬಳಿ ಒಬ್ಬನನ್ನು ಕಾವಲಿಗೆ ನಿಲ್ಲಿಸದೆ ಯಾರೂ ಇಳಿಯುವಂತಿಲ್ಲ. ಈ ಒಂದು ವಿಷಯದಲ್ಲಿ ಎಷ್ಟೇ ಹೊಸ ಖಲಾಸಿಯಾದರೂ ‘ಅಳತೆಯಾಗಿದೆಯೇ?’ ಎಂದು ಕೇಳಲು ಹಿಂಜರಿಯಬಾರದು. ಹಾಗೆ ಕೇಳಿದ್ದಕ್ಕೆ ಮುಖ ಗಂಟಿಕ್ಕುವ ಬೋಟು ಕೆಲಸ ಕಲಿಯಲು ಯೋಗ್ಯವಾದ ಜಾಗವಲ್ಲ ಎಂದೇ ನನ್ನ ಅಭಿಪ್ರಾಯ.

ಬೋಟನ್ನು ಬಾಡಿಗೆಗೆ ಪಡೆಯುವ ತೈಲ ಕಂಪನಿ ಅನುಭವಿ ಸಿಬ್ಬಂದಿಯನ್ನು ಕೇಳುವುದು ಸಹಜ. ಹಡಗಿನ ಕಂಪನಿ ಕಳಿಸುವ ಹೆಸರುಗಳನ್ನು ಕೆಲವು ಕಡೆ ಅದೇ ಪರಿಶೀಲಿಸಿ ಒಪ್ಪುವುದೂ ಉಂಟು. ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ ಎಂಬ ಸುಳಿ ಇಲ್ಲಿ ಹುಟ್ಟುತ್ತದೆ. ಆದರೂ ಪ್ರತಿವರ್ಷ ಹೊಸಬರು ಒಳಗೆ ಹೋಗುತ್ತಲೇ ಇದ್ದಾರೆ. ಹೇಗೆಂದರೆ, ಈ ಬೋಟುಗಳಲ್ಲಿ ಜಾಗ ಖಾಲಿಯಾಗುವುದು ಹೆಚ್ಚಾಗಿ ಜಾಹೀರಾತಿನಿಂದ ಗೊತ್ತಾಗುವುದಿಲ್ಲ. ಸಿಬ್ಬಂದಿ ಬದಲಾಗುವ ದಿನ ಬರಬೇಕಾದವನಿಗೆ ಜ್ವರ ಬರುತ್ತದೆ, ಇನ್ನೊಬ್ಬನ ವೈದ್ಯಕೀಯ ಪತ್ರದ ಅವಧಿ ಮುಗಿದಿರುತ್ತದೆ, ಮತ್ತೊಬ್ಬನಿಗೆ ಹೆಚ್ಚು ಸಂಬಳದ ಹಡಗು ಸಿಕ್ಕಿರುತ್ತದೆ. ನಿಗದಿತ ಕನಿಷ್ಠ ಸಿಬ್ಬಂದಿಯಿಲ್ಲದೆ ಬೋಟು ಬಂದರು ಬಿಡುವಂತಿಲ್ಲ, ಬೋಟು ನಿಂತರೆ ಆ ದಿನದ ಬಾಡಿಗೆ ಕಂಪನಿಯ ಕೈತಪ್ಪಬಹುದು. ಆಗ ಸಿಬ್ಬಂದಿ ವಿಭಾಗದ ಅಧಿಕಾರಿ ತನ್ನ ಪಟ್ಟಿಯನ್ನು ತೆಗೆದು, ಎಲ್ಲ ಕಾಗದವೂ ಸಿಂಧುವಾಗಿರುವ, ಫೋನು ಎತ್ತುವ, ನಾಳೆ ಬಂದರಿಗೆ ಬಂದು ನಿಲ್ಲಬಲ್ಲ ಹುಡುಗನನ್ನು ಹುಡುಕುತ್ತಾನೆ. ಮೊದಲ ಕೆಲಸ ಎಷ್ಟೋ ಜನರಿಗೆ ಸಿಗುವುದು ಈ ಒಂದು ದಿನದಲ್ಲಿ. ಆದ್ದರಿಂದ ಸಿದ್ಧತೆ ಎಂದರೆ ಆ ಫೋನು ಬರುವ ಹೊತ್ತಿಗೆ ಒಂದು ಕಾಗದವೂ ಬಾಕಿ ಇರಬಾರದು ಎಂದೇ ಅರ್ಥ.

ಕಾಗದಗಳ ಕ್ರಮವನ್ನು ತಪ್ಪಿಸಿಕೊಂಡವರೇ ಹೆಚ್ಚು ಹಣ ಕಳೆದುಕೊಳ್ಳುತ್ತಾರೆ. ಎಲ್ಲಕ್ಕಿಂತ ಮೊದಲು ಆಗಬೇಕಾದ್ದು ವೈದ್ಯಕೀಯ ಪರೀಕ್ಷೆ, ಅದೂ ನೌಕಾಯಾನ ಮಹಾನಿರ್ದೇಶನಾಲಯ, ಅಂದರೆ ಎಲ್ಲರ ಬಾಯಲ್ಲಿರುವ ಡಿಜಿ ಶಿಪ್ಪಿಂಗ್, ಅನುಮೋದಿಸಿದ ವೈದ್ಯರಿಂದ. ಬಣ್ಣಗುರುಡು ಇರುವವರು ಡೆಕ್ಕಿನ ಕೆಲಸಕ್ಕೆ ಆಗುವುದಿಲ್ಲ, ಏಕೆಂದರೆ ರಾತ್ರಿ ಎದುರಿನ ಹಡಗು ಯಾವ ಕಡೆ ಹೋಗುತ್ತಿದೆ ಎಂದು ತಿಳಿಯುವುದೇ ಅದರ ಕೆಂಪು ಹಸಿರು ದೀಪಗಳಿಂದ. ಲಕ್ಷಗಟ್ಟಲೆ ಶುಲ್ಕ ಕಟ್ಟಿ ತರಬೇತಿಗೆ ಸೇರಿದ ಮೇಲೆ ಇದು ಗೊತ್ತಾಗುವುದಕ್ಕಿಂತ ದೊಡ್ಡ ದುಃಖವಿಲ್ಲ. ಕಣ್ಣು ಸರಿಯಿದೆ ಎಂದಾದರೆ, ಹತ್ತನೆಯ ತರಗತಿ ಮುಗಿಸಿದವರಿಗೆ ತೆರೆದಿರುವ ಸಾಮಾನ್ಯ ದಾರಿ ಆರು ತಿಂಗಳ ಜಿಪಿ ರೇಟಿಂಗ್, ಅಂದರೆ ಡೆಕ್ಕು ಎಂಜಿನ್ನು ಎರಡರ ಕೆಲಸವನ್ನೂ ಕಲಿಸುವ ಸಾಮಾನ್ಯ ನಾವಿಕನ ತರಬೇತಿ. ವಯಸ್ಸು ಹದಿನೇಳೂವರೆಯಿಂದ ಇಪ್ಪತ್ತೈದರೊಳಗೆ ಇರಬೇಕು; ಹತ್ತನೆಯಲ್ಲಿ ವಿಜ್ಞಾನ, ಗಣಿತ, ಇಂಗ್ಲಿಷ್ ಓದಿ ಒಟ್ಟಾರೆ ಶೇ. 40, ಇಂಗ್ಲಿಷಿನಲ್ಲೂ ಶೇ. 40 ಅಂಕ ಪಡೆದಿರಬೇಕು. ತರಬೇತಿಯ ಕೊನೆಗೆ ಇಡೀ ದೇಶಕ್ಕೆ ಒಂದೇ ನಿರ್ಗಮನ ಪರೀಕ್ಷೆ ಇರುತ್ತದೆ. ಸಂಸ್ಥೆಯನ್ನು ಆರಿಸುವಾಗ ಅದರ ಹೆಸರು ಡಿಜಿ ಶಿಪ್ಪಿಂಗ್‌ನ ಅನುಮೋದಿತ ಪಟ್ಟಿಯಲ್ಲಿದೆಯೇ ಎಂದು ನೋಡುವುದು ಮೊದಲ ಹೆಜ್ಜೆ. ಹಿಂದಿನ ಎರಡು ತಂಡಗಳ ಹುಡುಗರು ಈಗ ಯಾವ ಹಡಗಿನಲ್ಲಿದ್ದಾರೆ ಎಂದು ಕೇಳಿ, ಸಾಧ್ಯವಾದರೆ ಅವರಲ್ಲಿ ಇಬ್ಬರೊಡನೆ ಮಾತಾಡುವುದು ಎರಡನೆಯದು. ‘ಶೇಕಡಾ ನೂರು ಕೆಲಸ ಖಾತ್ರಿ’ ಎಂದು ಗೋಡೆಯ ಮೇಲೆ ಬರೆದಿರುವುದಕ್ಕಿಂತ ಆ ಇಬ್ಬರ ಮಾತಿಗೆ ಬೆಲೆ ಹೆಚ್ಚು.

ಇದರ ಜೊತೆಗೇ ಬರುವುದು ಇಂಡೋಸ್ ಸಂಖ್ಯೆ. ಅದು ನಾವಿಕನ ಜೀವನವಿಡೀ ಬದಲಾಗದ ಗುರುತು. ಅವನ ತರಬೇತಿ, ಪ್ರಮಾಣಪತ್ರ, ಹಡಗೇರಿದ ದಾಖಲೆ ಎಲ್ಲವೂ ಅದರಡಿ ಜಮೆಯಾಗುತ್ತವೆ. ಎಸ್‌ಟಿಸಿಡಬ್ಲ್ಯೂ ಎಂಬ 1978ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಕಡ್ಡಾಯವಾದ ಸಣ್ಣ ತರಬೇತಿಗಳು, ಅಂದರೆ ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ವೈಯಕ್ತಿಕ ಸುರಕ್ಷತೆ ಮತ್ತು ಹಡಗಿನ ಭದ್ರತೆ, ಇವೂ ಆಗಿರಬೇಕು. ಇವೆಲ್ಲ ಸೇರಿದ ಮೇಲೆ ಸಿಡಿಸಿ ಎಂಬ ಕಿರುಪುಸ್ತಕ ಬರುತ್ತದೆ. ಸಿಡಿಸಿಯ ಬಗ್ಗೆ ನಮ್ಮ ಊರುಗಳಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ: ಅದು ಕೈಗೆ ಬಂದರೆ ಕೆಲಸ ಸಿಕ್ಕಿದಂತೆ ಎಂದು. ಅದು ಕೆಲಸದ ಆದೇಶವೂ ಅಲ್ಲ, ಕೌಶಲದ ಪ್ರಮಾಣಪತ್ರವೂ ಅಲ್ಲ. ಯಾವ ಹಡಗನ್ನು ಯಾವ ದಿನ ಏರಿದ, ಯಾವ ದಿನ ಇಳಿದ ಎಂದು ಬರೆಯುವ ಗುರುತಿನ ಪುಸ್ತಕ, ಅಷ್ಟೆ. ಅದರ ಪುಟಗಳು ಖಾಲಿಯಿರುವಷ್ಟು ದಿನವೂ ಹುಡುಕಾಟ ನಡೆಯುತ್ತಲೇ ಇರುತ್ತದೆ.

ಮೀನುಗಾರಿಕೆಯ ಹಿನ್ನೆಲೆಯಿಂದ ಬಂದವರಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ಮಲ್ಪೆಯ ಟ್ರಾಲ್ ಬೋಟಿನಲ್ಲಿ ಹತ್ತು ಮಳೆಗಾಲ ಕಂಡವನ ಅನುಭವ ವ್ಯಾಪಾರಿ ಹಡಗಿನ ಸಮುದ್ರಸೇವೆಯ ಲೆಕ್ಕಕ್ಕೆ ಬರುವುದಿಲ್ಲ. ಇದು ಅನ್ಯಾಯವೆಂದು ಅನಿಸುವುದು ಸಹಜ, ನನಗೂ ಹಾಗೆಯೇ ಅನಿಸುತ್ತದೆ. ಆದರೆ ಸಂದರ್ಶನದಲ್ಲಿ ಹಗ್ಗವೊಂದನ್ನು ಕೈಗೆ ಕೊಟ್ಟು ಬೋಲೈನ್ ಗಂಟು ಹಾಕು ಎಂದಾಗ, ತರಬೇತಿಯಿಂದ ನೇರವಾಗಿ ಬಂದವನು ಹಗ್ಗವನ್ನು ನೋಡುತ್ತ ಯೋಚಿಸಿದರೆ, ದಕ್ಕೆಯಲ್ಲಿ ಬೆಳೆದವನ ಕೈ ಬಾಯಿಗಿಂತ ಮುಂಚೆ ಉತ್ತರ ಕೊಟ್ಟಿರುತ್ತದೆ. ಕಡಲ ಮೇಲೆ ವಾಂತಿ ಮಾಡಿಕೊಂಡು ಮಲಗುವವನಲ್ಲ ಎಂಬ ಭರವಸೆಯೂ ಕಂಪನಿಗೆ ಸಣ್ಣದಲ್ಲ, ಏಕೆಂದರೆ ಬಯಲು ಡೆಕ್ಕಿನ ಈ ಬೋಟುಗಳು ದೊಡ್ಡ ಹಡಗುಗಳಿಗಿಂತ ಹೆಚ್ಚು ಹೊಯ್ದಾಡುತ್ತವೆ. ಆದ್ದರಿಂದ ಅರ್ಜಿಯಲ್ಲಿ ಆ ವರ್ಷಗಳನ್ನು ಮುಚ್ಚಿಡದೆ, ಯಾವ ಬೋಟು, ಏನು ಕೆಲಸ, ವಿಂಚ್ ನಡೆಸಿದ್ದೀರಾ, ತಂತಿಹಗ್ಗ ಹೆಣೆದಿದ್ದೀರಾ ಎಂಬುದನ್ನು ಎರಡು ಸಾಲಿನಲ್ಲಿ ಬರೆಯಬೇಕು. ಉಳಿದಂತೆ ಅರ್ಜಿ ಒಂದೇ ಪುಟವಿದ್ದರೆ ಸಾಕು: ಹೆಸರು, ಇಂಡೋಸ್ ಸಂಖ್ಯೆ, ಪಾಸ್‌ಪೋರ್ಟ್ ಮತ್ತು ಸಿಡಿಸಿಯ ಅವಧಿ, ಪ್ರತಿ ತರಬೇತಿಯ ದಿನಾಂಕ, ಎಷ್ಟು ಗಂಟೆಯ ಮುನ್ಸೂಚನೆಯಲ್ಲಿ ಮುಂಬಯಿ ಅಥವಾ ಕಾಕಿನಾಡ ತಲುಪಬಲ್ಲೆ ಎಂಬ ಸಾಲು. ಈ ಕೊನೆಯ ಸಾಲನ್ನು ಬರೆಯುವವರು ಕಡಿಮೆ. ಓದುವವನಿಗೆ ಬೇಕಾದದ್ದು ಅದೇ.

ಅರ್ಜಿ ಯಾವಾಗ ಹಾಕಬೇಕು ಎಂಬುದಕ್ಕೂ ಕಡಲಿನದೇ ಪಂಚಾಂಗವಿದೆ. ಪಶ್ಚಿಮ ಕರಾವಳಿಯಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಕೊಳವೆ ಹಾಸುವ, ಹೊಸ ಅಟ್ಟಣೆ ಕಟ್ಟುವ ಕೆಲಸಗಳು ಬಹುಮಟ್ಟಿಗೆ ನಿಲ್ಲುತ್ತವೆ. ತೈಲ ಉತ್ಪಾದನೆ ಮತ್ತು ಅದಕ್ಕೆ ಬೇಕಾದ ಸರಬರಾಜು ಮಾತ್ರ ನಡೆಯುತ್ತದೆ. ಮಳೆ ತಗ್ಗಿ ಅಕ್ಟೋಬರ್, ನವೆಂಬರ್ ಬರುತ್ತಿದ್ದಂತೆ ಆ ಕೆಲಸದ ಬಾರ್ಜುಗಳು, ಅಂದರೆ ಚಪ್ಪಟೆ ತಳದ ದೊಡ್ಡ ನೌಕೆಗಳು, ಮರಳುತ್ತವೆ, ಅವುಗಳ ಹಿಂದೆಯೇ ಬೋಟುಗಳ ಬೇಡಿಕೆ ಏರುತ್ತದೆ. ಹಾಗಾಗಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಕಾಗದ ಸಿದ್ಧವಿಟ್ಟುಕೊಂಡು ಕಂಪನಿಗಳ ಪಟ್ಟಿಯಲ್ಲಿ ಹೆಸರು ಬರೆಸಿರುವುದು ಜಾಣತನ. ಇದಲ್ಲದೆ ತೈಲಬೆಲೆಯ ಏರಿಳಿತವೂ ಇದೆ. 2014ರ ಮಧ್ಯದಲ್ಲಿ ಬ್ಯಾರೆಲ್ಲಿಗೆ 100 ಡಾಲರ್ ದಾಟಿದ್ದ ಬೆಲೆ 2016ರ ಜನವರಿಯಲ್ಲಿ 30 ಡಾಲರಿಗಿಂತ ಕೆಳಗಿಳಿದಾಗ ಜಗತ್ತಿನಾದ್ಯಂತ ನೂರಾರು ಬೋಟುಗಳು ಕೆಲಸವಿಲ್ಲದೆ ಲಂಗರು ಹಾಕಿ ನಿಂತವು, ಅನುಭವಿ ಏಬಿಗಳೇ ಓಎಸ್ ಸಂಬಳಕ್ಕೆ ಬರಲು ಒಪ್ಪುವ ಸ್ಥಿತಿ ಬಂತು. ಅಂಥ ಕಾಲದಲ್ಲಿ ಕೆಲಸ ಸಿಗದಿದ್ದರೆ ಹುಡುಗನ ಯೋಗ್ಯತೆಯನ್ನು ಯಾರೂ ಹಳಿಯಬಾರದು. ಆರು ತಿಂಗಳು ಕರಾವಳಿಯಲ್ಲಿ ಹಡಗು ಎಳೆಯುವ ಟಗ್ಗಿನಲ್ಲೋ ಬಾರ್ಜಿನಲ್ಲೋ ಸಣ್ಣ ಸರಕು ಹಡಗಿನಲ್ಲೋ ಸೇರಿ ಸಿಡಿಸಿಯ ಮೊದಲ ಪುಟ ತುಂಬಿಸಿಕೊಳ್ಳುವುದು ಕೀಳು ದಾರಿಯೇನಲ್ಲ. ಆಫ್‌ಶೋರ್‌ಗೆ ಬಂದ ಎಷ್ಟೋ ಜನ ಆ ದಾರಿಯಲ್ಲೇ ಬಂದವರು.

ಈಗ ದಲ್ಲಾಳಿಗಳ ವಿಷಯ. ಭಾರತದಲ್ಲಿ ನಾವಿಕರನ್ನು ಹಡಗಿಗೆ ಕಳಿಸುವ ಸಂಸ್ಥೆಗೆ ಆರ್‌ಪಿಎಸ್‌ಎಲ್ ಎಂಬ ಪರವಾನಗಿ ಇರಲೇಬೇಕು, ಅದರ ನಿಯಮಗಳು 2005ರಿಂದ ಜಾರಿಯಲ್ಲಿವೆ. ಪರವಾನಗಿ ಪಡೆದವರ ಪಟ್ಟಿ ಡಿಜಿ ಶಿಪ್ಪಿಂಗ್‌ನ ಜಾಲತಾಣದಲ್ಲಿ ಯಾರಿಗಾದರೂ ಸಿಗುತ್ತದೆ. ಭಾರತ 2015ರಲ್ಲಿ ಅಂಗೀಕರಿಸಿದ ನಾವಿಕ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದ, ಅಂದರೆ ಎಂಎಲ್‌ಸಿ, ಕೆಲಸ ಕೊಡಿಸುವುದಕ್ಕಾಗಿ ನಾವಿಕನಿಂದ ಒಂದು ರೂಪಾಯಿಯನ್ನೂ ಪಡೆಯಬಾರದೆಂದು ಹೇಳುತ್ತದೆ. ವೈದ್ಯಕೀಯ ಪ್ರಮಾಣಪತ್ರ, ಸಿಡಿಸಿ, ಪಾಸ್‌ಪೋರ್ಟ್, ಈ ಮೂರರ ಖರ್ಚು ನಾವಿಕನದಾಗಬಹುದು. ವೀಸಾದ ಖರ್ಚು ಕೂಡ ಹಡಗಿನ ಮಾಲೀಕನದೇ. ಈ ಒಂದು ವಾಕ್ಯ ಗೊತ್ತಿದ್ದರೆ ಎಷ್ಟೋ ಮನೆಗಳ ಒಡವೆ ಗಿರವಿಗೆ ಹೋಗುವುದು ತಪ್ಪುತ್ತದೆ. ಯಾಕೆಂದರೆ ಮೋಸದ ಮಾತು ಸಾಮಾನ್ಯವಾಗಿ ‘ಕೆಲಸಕ್ಕೆ ದುಡ್ಡು ಕೊಡಿ’ ಎಂದು ಬರುವುದಿಲ್ಲ. ವೀಸಾ ಶುಲ್ಕ, ಠೇವಣಿ, ದಾಖಲೆ ಪರಿಶೀಲನೆ, ಸಮವಸ್ತ್ರ ಎಂದು ಬರುತ್ತದೆ, ಅದೂ ‘ನಾಳೆಯೇ ಬೋಟು ಹೊರಡುತ್ತದೆ, ಇಂದು ಸಂಜೆಯೊಳಗೆ ಕಟ್ಟಿ’ ಎಂಬ ಅವಸರದ ಜೊತೆಗೆ. ನಿಜವಾದ ಕೆಲಸವೂ ಅವಸರದಲ್ಲೇ ಬರುತ್ತದೆಂದು ಮೇಲೆ ಹೇಳಿದೆ. ಮೋಸಗಾರ ಬಳಸಿಕೊಳ್ಳುವುದೂ ಅದನ್ನೇ. ವ್ಯತ್ಯಾಸ ಇಷ್ಟೆ: ನಿಜವಾದ ಕಂಪನಿಯ ಅವಸರದಲ್ಲಿ ಕಾಗದ ಕೇಳುತ್ತಾರೆ, ಪ್ರಯಾಣದ ಟಿಕೇಟು ಕಳಿಸುತ್ತಾರೆ; ಸುಳ್ಳು ಅವಸರದಲ್ಲಿ ಹಣ ಕೇಳುತ್ತಾರೆ. ಪರಿಚಿತ ಕಂಪನಿಯ ಹೆಸರು, ಮುದ್ರೆ ಇರುವ ಪತ್ರ ಬಂದರೂ, ಪತ್ರದಲ್ಲಿರುವ ಫೋನನ್ನು ಬಿಟ್ಟು ಡಿಜಿ ಶಿಪ್ಪಿಂಗ್ ಪಟ್ಟಿಯಲ್ಲಿರುವ ಸಂಖ್ಯೆಗೆ ಕರೆಮಾಡಿ ವಿಚಾರಿಸಬೇಕು. ತರಬೇತಿಯೇ ಬೇಡ, ಬೇರೆ ದೇಶದ ಹೆಸರಿನ ಸಿಡಿಸಿ ಮಾಡಿಸಿಕೊಡುತ್ತೇವೆ ಎನ್ನುವವರಿಂದ ಎದ್ದು ಬರುವುದೇ ಸರಿ. ನಕಲಿ ದಾಖಲೆ ಸಿಕ್ಕಿಬಿದ್ದಾಗ ಪರದೇಶದ ಬಂದರಿನಲ್ಲಿ ಉತ್ತರ ಹೇಳಬೇಕಾದವನು ಹುಡುಗ, ದಲ್ಲಾಳಿಯಲ್ಲ.

ಕೊಲ್ಲಿ ದೇಶಗಳ ಬೋಟುಗಳಿಗೆ ಹೋಗುವಾಗ ಎಚ್ಚರ ಇನ್ನೂ ಹೆಚ್ಚಿರಬೇಕು. ಭೇಟಿ ವೀಸಾದಲ್ಲಿ ಕರೆಸಿಕೊಂಡು, ಸಹಿ ಮಾಡಿದ ಒಪ್ಪಂದವಿಲ್ಲದೆ ಹಳೆಯ ಬೋಟಿಗೆ ಹತ್ತಿಸಿದರೆ, ಮಾಲೀಕ ದಿವಾಳಿಯಾದ ದಿನ ಆ ಹುಡುಗನ ಪಾಲಿಗೆ ಸಂಬಳವೂ ಇಲ್ಲ, ಮನೆಗೆ ಬರಲು ಟಿಕೇಟೂ ಇಲ್ಲ. ಎಂಎಲ್‌ಸಿಗೆ 2017ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ, ಎರಡು ತಿಂಗಳ ಸಂಬಳ ಬಾಕಿಯಾದರೂ ಅದು ನಾವಿಕನನ್ನು ಕೈಬಿಟ್ಟಂತೆ ಎಂದು ಪರಿಗಣಿಸಬಹುದು. ಬಾಕಿಯಲ್ಲಿ ನಾಲ್ಕು ತಿಂಗಳವರೆಗಿನ ಸಂಬಳಕ್ಕೂ ಮರಳುವ ಪ್ರಯಾಣಕ್ಕೂ ಹಡಗಿನ ಮಾಲೀಕ ವಿಮೆಯಂಥ ಭದ್ರತೆ ಇಟ್ಟಿರಬೇಕು, ಅದರ ಪತ್ರ ಹಡಗಿನಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿರಬೇಕು. ಬೋಟು ಹತ್ತಿದ ಮೊದಲ ದಿನವೇ ಆ ಪತ್ರದ ಫೋಟೋ ತೆಗೆದು ಮನೆಗೆ ಕಳಿಸಿಡುವುದು ಒಳ್ಳೆಯದು. ಪರವಾನಗಿಯ ಸಂಸ್ಥೆಯ ಮೂಲಕ ಹೋದವನ ವಿವರ ಡಿಜಿ ಶಿಪ್ಪಿಂಗ್‌ನ ದಾಖಲೆಯಲ್ಲಿ ಇಂಡೋಸ್ ಸಂಖ್ಯೆಯಡಿ ಸೇರಿರಬೇಕು. ಸೇರಿದೆಯೇ ಎಂದು ಹೊರಡುವ ಮೊದಲೇ ಕೇಳಬೇಕು, ಏಕೆಂದರೆ ಅಲ್ಲಿ ಹೆಸರಿಲ್ಲದವನನ್ನು ಕಷ್ಟದ ದಿನ ಹುಡುಕುವುದು ಸರ್ಕಾರಕ್ಕೂ ಕಷ್ಟ.

ಬೋಟಿನ ಬಗ್ಗೆಯೂ ಕೇಳಲು ಹುಡುಗನಿಗೆ ಹಕ್ಕಿದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಾಂಬೆ ಹೈ ಪ್ರದೇಶಕ್ಕೆ ಬಡಿದಾಗ ಪಿ-305 ಎಂಬ ವಸತಿ ಬಾರ್ಜು ಮುಳುಗಿ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು; ‘ವರಪ್ರದಾ’ ಎಂಬ ಟಗ್ಗಿನಲ್ಲಿದ್ದ 13 ಜನರಲ್ಲಿ ಬದುಕಿ ಬಂದವರು ಇಬ್ಬರೇ. ಭಯಪಡಿಸಲು ಇದನ್ನು ಹೇಳುತ್ತಿಲ್ಲ. ಆ ಗಾಳಿಯಲ್ಲಿ ನೌಕಾಪಡೆಯ ಹಡಗುಗಳು ಸಮುದ್ರದಿಂದ ಎತ್ತಿದ ನೂರಕ್ಕೂ ಹೆಚ್ಚು ಜನ ಲೈಫ್ ಜಾಕೆಟ್ ತೊಟ್ಟು ಗಂಟೆಗಟ್ಟಲೆ ತೇಲಿದವರು. ಹಾಗೆ ತೇಲಿ ಉಳಿಯುವ ವಿದ್ಯೆಯನ್ನೇ ಜೀವರಕ್ಷಣೆಯ ತರಬೇತಿಯಲ್ಲಿ ಈಜುಕೊಳಕ್ಕೆ ಇಳಿಸಿ ಕಲಿಸುತ್ತಾರೆ. ಪ್ರಮಾಣಪತ್ರ ಸಿಕ್ಕರೆ ಸಾಕು ಎಂದು ಆ ದಿನ ನೀರಿಗಿಳಿಯದೆ ಹಾಜರಿ ಹಾಕಿಸಿಕೊಳ್ಳುವವರು ಯಾರಿಗೆ ಮೋಸ ಮಾಡಿಕೊಳ್ಳುತ್ತಿದ್ದಾರೆ ಎಂಬುದನ್ನು ಅವರ ತಾಯಂದಿರು ಕೇಳಬೇಕು.

ಕೆಲಸ ಸಿಕ್ಕ ಮೇಲೆ ಮೊದಲ ಬೋಟಿನಲ್ಲಿ ಕಲಿಯಬೇಕಾದ್ದು ಬಹಳ. ಆರು ಗಂಟೆ ಕೆಲಸ, ಆರು ಗಂಟೆ ವಿಶ್ರಾಂತಿ ಎಂಬ ಸರದಿ ಈ ಬೋಟುಗಳಲ್ಲಿ ಸಾಮಾನ್ಯ. 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ಇರಬೇಕೆಂಬುದು ನಿಯಮ. ವಿಶ್ರಾಂತಿಯ ಗಂಟೆಗಳ ಹಾಳೆಗೆ ಸಹಿ ಹಾಕುವಾಗ ಅದರಲ್ಲಿ ಬರೆದದ್ದು ನಿಜವೇ ಎಂದು ಓದಿ ಹಾಕಬೇಕು. ಬಿಡುವಾದಾಗ ಬ್ರಿಡ್ಜಿಗೆ ಹೋಗಿ ಚುಕ್ಕಾಣಿ ಹಿಡಿಯಲು, ಕಾವಲು ನಿಲ್ಲಲು ಕಲಿಸುವಂತೆ ಕೇಳಿಕೊಳ್ಳಬೇಕು, ಏಕೆಂದರೆ ಆರು ತಿಂಗಳ ಸಮುದ್ರಸೇವೆ, ಅಥವಾ ವಿಶೇಷ ತರಬೇತಿ ಪಡೆದವರಿಗೆ ಕನಿಷ್ಠ ಎರಡು ತಿಂಗಳ ಸೇವೆ ಆದ ಮೇಲೆ ವಾಚ್‌ಕೀಪಿಂಗ್, ಅಂದರೆ ಬ್ರಿಡ್ಜಿನಲ್ಲಿ ಕಾವಲು ನಿಲ್ಲುವ, ಪ್ರಮಾಣಪತ್ರಕ್ಕೆ ದಾರಿ ತೆರೆಯುತ್ತದೆ. ಅದಾದ ಮೇಲೆ ಹದಿನೆಂಟು ತಿಂಗಳು, ತರಬೇತಿಯೊಂದಿಗಾದರೆ ಹನ್ನೆರಡು ತಿಂಗಳು, ಡೆಕ್ಕಿನಲ್ಲಿ ದುಡಿದವನು ನುರಿತ ಖಲಾಸಿಯ ಪ್ರಮಾಣಪತ್ರಕ್ಕೆ ಅರ್ಹನಾಗುತ್ತಾನೆ. ಈ ತಿಂಗಳುಗಳನ್ನು ಲೆಕ್ಕ ಹಾಕುವುದು ಸಿಡಿಸಿಯಲ್ಲಿ ಬರೆದ ದಿನಾಂಕಗಳಿಂದ. ಇಳಿಯುವ ದಿನ ಎಲ್ಲರಿಗೂ ಮನೆಯ ಆತುರ, ಕ್ಯಾಪ್ಟನ್ನಿಗೆ ನೂರು ಕೆಲಸ. ಬರೆಯದೆ ಬಿಟ್ಟ ಒಂದು ಸಾಲನ್ನು ಆಮೇಲೆ ಬರೆಸಿಕೊಳ್ಳಲು ಆ ಬೋಟನ್ನೇ ಬಂದರಿನಿಂದ ಬಂದರಿಗೆ ಹುಡುಕಿಕೊಂಡು ಹೋಗಬೇಕಾದೀತು. ಆದ್ದರಿಂದ ಹತ್ತಿದ ದಿನಾಂಕ, ಇಳಿದ ದಿನಾಂಕ, ಹುದ್ದೆ, ಕ್ಯಾಪ್ಟನ್ನನ ಸಹಿ, ಹಡಗಿನ ಮೊಹರು, ಈ ಐದೂ ಪುಟದ ಮೇಲೆ ಇವೆಯೇ ಎಂದು ನೋಡಿಕೊಂಡೇ ಚೀಲ ಹೆಗಲಿಗೇರಿಸಿ ದಕ್ಕೆಗೆ ಇಳಿಯಬೇಕು.